ಮಾಳಿಗೆ ಮಣ್ಣಿನ ಮೂಲೆ

ಬೆಂಕಿಗೆ ಇನ್ನೆರಡು ಕುಳ್ಳು ಹಾಕಿ. ಮಣ್ಣು ಸಮೀಕ್ಷೆಗೆ ಹೋದವರು ಅಣ್ಣತಮ್ಮಂದಿರ ಪಾಲು ಪಂಚಾಯ್ತಿಯಲ್ಲಿ ಸಿಕ್ಕಿಕೊಂಡ ಕಥೆ ಇದು, ಸ್ವಲ್ಪ ಉದ್ದವಿದೆ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಗದಗ ಆಗಿನ್ನೂ ಜಿಲ್ಲೆಯಲ್ಲ, ಧಾರವಾಡ ಜಿಲ್ಲೆಯದೊಂದು ತಾಲ್ಲೂಕು. ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಗದಗಿನಿಂದ ಡಂಬಳದ ಮೇಲೆ ಮುಂಡರಗಿಗೆ ಹೋಗುವಾಗ ಬಲಗಡೆ ಕಪ್ಪತಗುಡ್ಡ ಕಾಣುತ್ತದಲ್ಲ, ಅದರ ಬುಡದಲ್ಲಿ ಒಂದು ಹಳ್ಳಿ. ಹೆಸರು ಬೇಡ, ಆ ಮನೆತನದವರು ಈಗಲೂ ಇದ್ದಾರೆ. ಸಾಹೇಬರು, ನಾನು, ಜೀಪಿನ ಡ್ರೈವರು, ಗುಂಡಿ ತೋಡಲು ಊರಿನ ಇಬ್ಬರು ಆಳು. ಇಷ್ಟೇ ನಮ್ಮ ಸೈನ್ಯ. ಊರಿನ ಶಾಲೆಯ ಒಂದು ಕೋಣೆಯಲ್ಲಿ ಬಿಡಾರ. ಮೂಲೆಯಲ್ಲಿ ಬೀಗ ಹಾಕಿದ ಟ್ರಂಕು. ಅದರೊಳಗೆ ವಿಮಾನದಿಂದ ತೆಗೆದ ಕಪ್ಪು ಬಿಳುಪು ಫೋಟೋಗಳು. ಗೋಪ್ಯ ದಾಖಲೆ ಎಂದು ಆಗ ಅವನ್ನು ಲೆಕ್ಕವಿಟ್ಟು ಕೊಡುತ್ತಿದ್ದರು, ಲೆಕ್ಕವಿಟ್ಟು ವಾಪಸು ತೆಗೆದುಕೊಳ್ಳುತ್ತಿದ್ದರು. ಬೀಗದ ಟ್ರಂಕು ನೋಡಿದ ಊರಿನವರಿಗೆ ಒಂದೇ ಅನುಮಾನ. ಬ್ರಿಟಿಷರ ಕಾಲದಲ್ಲಿ ಆ ಗುಡ್ಡದ ಸುತ್ತ ಚಿನ್ನಕ್ಕಾಗಿ ಗಣಿ ತೋಡಿದ್ದು ಅವರಿಗೆಲ್ಲ ಗೊತ್ತಿತ್ತು.

"ಏನ್ರೀ ಸಾಹೇಬ್ರ, ಬಂಗಾರ ಹತ್ತಿತೇನು?" ಎಂದು ದಿನಾ ಯಾರಾದರೊಬ್ಬರು ಕೇಳುತ್ತಿದ್ದರು.

"ಮಣ್ಣು ಹತ್ತೇತ್ರಿ," ಎನ್ನುತ್ತಿದ್ದರು ಸಾಹೇಬರು. ಅವರು ಮೈಸೂರು ಕಡೆಯವರು, ನಮ್ಮ ಭಾಷೆ ಬಾಯಿಗೆ ಹತ್ತಿಸಿಕೊಂಡಿದ್ದರು, ಅರ್ಧಂಬರ್ಧ.

ನಮ್ಮ ಕೆಲಸದ ರೀತಿ ಹೀಗೆ. ಎರಡು ಫೋಟೋ ಜೋಡಿಸಿ ಸ್ಟೀರಿಯೋಸ್ಕೋಪಿನಲ್ಲಿ ಕಣ್ಣಿಟ್ಟರೆ ಗುಡ್ಡ ಎದ್ದು ನಿಲ್ಲುತ್ತದೆ, ಹಳ್ಳ ತಗ್ಗಿಗೆ ಇಳಿಯುತ್ತದೆ. ಗುಡ್ಡ, ಗುಡ್ಡದ ಬುಡದ ಇಳಿಜಾರು, ನಡುವಿನ ಬಯಲು, ಹಳ್ಳದ ದಂಡೆ ಎಂದು ಪೆನ್ಸಿಲಿನಲ್ಲಿ ಮೊದಲು ನೆಲದ ಭಾಗಗಳನ್ನು ಗೆರೆ ಹಾಕಿಕೊಳ್ಳಬೇಕು. ಎರೆ ಭೂಮಿ ಫೋಟೋದಲ್ಲಿ ಗಾಢವಾಗಿ ಕಾಣುತ್ತದೆ, ಮಸಾರಿ ತಿಳಿಯಾಗಿ. ಆದರೆ ಫೋಟೋ ಆಳ ಹೇಳುವುದಿಲ್ಲ. ಅದಕ್ಕೆ ಗುಡ್ಡದಿಂದ ಹಳ್ಳದವರೆಗೆ ನೇರ ನಡೆಯಬೇಕು. ಇಳಿಜಾರು ಮುರಿದಲ್ಲಿ, ಬಣ್ಣ ತಿರುಗಿದಲ್ಲಿ, ಕಲ್ಲು ಕಡಿಮೆಯಾದಲ್ಲಿ, ಬೆಳೆಯ ಎತ್ತರ ಬದಲಾದಲ್ಲಿ ಆಗರ್ ತಿರುವಿ ಮಣ್ಣು ಎತ್ತಿ ನೋಡಬೇಕು. ಒಂದೊಂದು ಭಾಗಕ್ಕೆ ಒಂದಾದರೂ ಆಳುದ್ದದ ಗುಂಡಿ ತೋಡಿ, ಬಿಸಿಲು ಬೀಳುವ ಗೋಡೆಯನ್ನು ಚಾಕುವಿನಿಂದ ಕೆರೆದು, ಪದರ ಪದರವಾಗಿ ಬರೆದುಕೊಳ್ಳಬೇಕು.

ಆ ಗುಡ್ಡದಿಂದ ಹಳ್ಳದವರೆಗೆ ನಮ್ಮ ಗೆರೆ ಹಾಯ್ದದ್ದು ಒಂದೇ ಸರ್ವೆ ನಂಬರಿನಲ್ಲಿ. ಇಪ್ಪತ್ತನಾಲ್ಕು ಎಕರೆಯ ಉದ್ದನೆಯ ಹೊಲ, ತಲೆ ಗುಡ್ಡದ ಕಡೆಗೆ, ಕಾಲು ಹಳ್ಳದ ಕಡೆಗೆ. ನಾವು ಮೊದಲ ಗುಂಡಿಗೆ ಗುರುತು ಹಾಕುವ ಹೊತ್ತಿಗೆ ಹೊಲದ ಮಾಲೀಕ ಓಡಿಬಂದ. ನಡುವಯಸ್ಸು ದಾಟಿದ ಮನುಷ್ಯ, ತಲೆಗೆ ರುಮಾಲು. ತೋಡಿರಿ, ಆದರೆ ಬೇಗ ಮುಚ್ಚಿಬಿಡಿರಿ, ಮುಂದಿನ ವಾರ ಪಾಲಿನ ಮಾತು ಐತಿ ಎಂದ. ಅವನ ತಮ್ಮ ಹುಬ್ಬಳ್ಳಿಯಲ್ಲಿ ನೌಕರಿ ಮಾಡುವವನು, ರಜೆ ಹಾಕಿ ಬಂದಿದ್ದ. ಅಪ್ಪ ತೀರಿದ ಮೇಲೆ ಹೊಲ ಒಡೆದಿರಲಿಲ್ಲ. ಅಣ್ಣನೇ ಉಳುತ್ತ, ವರ್ಷಕ್ಕಿಷ್ಟು ಜೋಳ ತಮ್ಮನ ಮನೆಗೆ ಕಳಿಸುತ್ತ ಬಂದಿದ್ದ.

ಪಾಲಿನ ಮಾತು ಊರಿಗೆಲ್ಲ ಮೊದಲೇ ಗೊತ್ತಾಗಿತ್ತು, ಎಲ್ಲರೂ ಅಣ್ಣನನ್ನು ಹೊಗಳುತ್ತಿದ್ದರು. ಯಾಕೆಂದರೆ ಅವನು ಹೇಳಿದ್ದು ಹೀಗೆ: "ಕೆಳಗಿನ ಹತ್ತೆಕರೆ ಎರಿ ತಮ್ಮಗ ಇರಲಿ. ಮ್ಯಾಲಿನ ಹದಿನಾಕು ಎಕರೆ ಮಸಾರಿ, ಗರಸು, ಕಲ್ಲು ನನಗಿರಲಿ. ನಾ ದುಡಿದುಕೊಂಡು ತಿಂತೀನಿ." ಎರೆ ಹೊಲವನ್ನು ತಮ್ಮನಿಗೆ ಬಿಟ್ಟುಕೊಟ್ಟ ಅಣ್ಣ! ಶಾಲೆಯ ಮಾಸ್ತರರು ಇದನ್ನು ಮಕ್ಕಳಿಗೆ ಪಾಠವಾಗಿಯೇ ಹೇಳಿದರು.

ಮೊದಲ ಗುಂಡಿ ತಲೆಯ ಕಡೆ. ಕೆಂಪು ಮಸಾರಿ, ಮನ್ಸೆಲ್ ಬಣ್ಣದ ಪುಸ್ತಕದ ತೂತಿನ ಹಿಂದೆ ಹೆಂಟೆ ಹಿಡಿದು ನೋಡಿದರೆ 2.5 ವೈಆರ್ 3/4. ಮೊಣಕೈ ಉದ್ದದಷ್ಟು ತೋಡುವಷ್ಟರಲ್ಲಿ ಗರಸು, ಅದರ ಕೆಳಗೆ ಹಾಳೆ ಹಾಳೆಯಾಗಿ ಏಳುವ ಕೊಳೆತ ಶಿಸ್ಟ್ ಕಲ್ಲು. ಮಣ್ಣು ನಾದಿ ಹೆಬ್ಬೆರಳು ತೋರುಬೆರಳ ನಡುವೆ ಪಟ್ಟಿಯಾಗಿ ಒತ್ತಿದರೆ ಎರಡೂವರೆ ಸೆಂಟಿಮೀಟರ್ ಆಗುವ ಮೊದಲೇ ಮುರಿದು ಬೀಳುತ್ತಿತ್ತು. ಆಸಿಡ್ ಹನಿ ಹಾಕಿದರೂ ಸದ್ದಿಲ್ಲ, ಸುಣ್ಣವೇ ಇಲ್ಲ. ಮುಂಗಾರಿಗೆ ಶೇಂಗಾ, ಸಜ್ಜಿ ಹಾಕುವ ಭೂಮಿ. ಮಳೆ ಒಂದು ವಾರ ತಡೆದರೆ ಬಾಡುತ್ತದೆ, ಆದರೆ ಸಣ್ಣ ಮಳೆಗೂ ಬಿತ್ತಲು ಹದ ಬರುತ್ತದೆ.

ಮಸಾರಿ ಹತ್ತೆಕರೆ ದಾಟಿದ ಮೇಲೆ ಕಾಲಡಿಯ ನೆಲ ಮೆತ್ತಗಾಯಿತು. ಇಳಿಜಾರು ನೂರಕ್ಕೆ ಎರಡರಷ್ಟು, ಅಬ್ನಿ ಲೆವೆಲ್ಲಿನಲ್ಲಿ ಅಳೆದದ್ದು. ಬಿಳಿಜೋಳ ಎದೆಮಟ್ಟ ನಿಂತಿತ್ತು. ಜೋಳದ ಸಾಲಿನ ನಡುವೆ ಕೈ ತೂರುವಷ್ಟು ಬಿರುಕು. ಇಲ್ಲಿ ಗುಂಡಿ ತೋಡುವಾಗ ಆಳುಗಳಿಬ್ಬರೂ ಬೈಯ್ಯುತ್ತಿದ್ದರು, ಸಾಹೇಬರು ಮಾತ್ರ ಗುಂಡಿಯಿಂದ ಮೇಲೆ ಬರಲಿಲ್ಲ. ಒಂದೂವರೆ ಮೀಟರ್ ಎರೆ, ಮೇಲಿಂದ ಕೆಳಗೆ ಒಂದೇ ಕಪ್ಪು, 10 ವೈಆರ್ 3/1. ಒಂದು ಮೊಳ ಕೆಳಗೆ ಹೋದರೆ ಹೆಂಟೆಗಳ ಮೈ ಓರೆಯಾಗಿ ಜಾರಿ ಜಾರಿ ನುಣುಪಾಗಿತ್ತು, ಬೆಳಕಿಗೆ ಮಿಂಚುತ್ತಿತ್ತು. ಮಣ್ಣಿನೊಳಗೆ ಮಣ್ಣು ತಿಕ್ಕಾಡಿದ ಗುರುತು ಅದು. ಬೇಸಿಗೆಯಲ್ಲಿ ಬಿರುಕು ಬಿಟ್ಟಾಗ ಮೇಲಿನ ಪುಡಿ ಒಳಗೆ ಬೀಳುತ್ತದೆ. ಮಳೆಗೆ ಜೇಡಿ ಉಬ್ಬಿದಾಗ ಒಳಗೆ ಜಾಗ ಸಾಲದೆ ಒಂದನ್ನೊಂದು ಒತ್ತಿ ಮೇಲಕ್ಕೆ ಜಾರುತ್ತದೆ. ಎರೆ ಹೊಲ ತನ್ನನ್ನು ತಾನೇ ಉತ್ತುಕೊಳ್ಳುತ್ತದೆ ಎಂದು ಹಿರಿಯರು ಹೇಳುವುದು ಇದನ್ನೇ. ಆಸಿಡ್ ಹನಿಗೆ ನೊರೆ ಎದ್ದಿತು. ಪಟ್ಟಿ ಒತ್ತಿದರೆ ಐದು ಸೆಂಟಿಮೀಟರ್ ದಾಟಿಯೂ ಮುರಿಯಲಿಲ್ಲ. ಅಣ್ಣ ಗುಂಡಿಯ ದಂಡೆಯ ಮೇಲೆ ಕೂತು ಬೀಡಿ ಸೇದುತ್ತ ಏನೂ ಮಾತಾಡದೆ ನೋಡುತ್ತಿದ್ದ.

ಒಂದೇ ಇಳಿಜಾರಿನಲ್ಲಿ ಮೇಲೆ ಕೆಂಪು, ಕೆಳಗೆ ಕಪ್ಪು ಯಾಕೆ ಎಂದು ಅವತ್ತೇ ನಾನು ಕೇಳಿದ್ದೆ. ಸಾಹೇಬರು ಗುಂಡಿಯೊಳಗೇ ಪಾಠ ಮಾಡಿದರು. ಮೇಲಿನ ಕಲ್ಲು ಕರಗಿದಾಗ ಸಿಲಿಕಾ, ಕ್ಯಾಲ್ಸಿಯಂ, ಮೆಗ್ನೀಷಿಯಂ ಮಳೆ ನೀರಿನ ಜೊತೆ ಕೆಳಗಿಳಿಯುತ್ತವೆ, ಕಬ್ಬಿಣ ತುಕ್ಕಾಗಿ ಮೇಲೇ ಉಳಿದು ಮಣ್ಣನ್ನು ಕೆಂಪು ಮಾಡುತ್ತದೆ. ನೀರು ನಿಧಾನವಾಗುವ ತಗ್ಗಿನಲ್ಲಿ ಅವೆಲ್ಲ ಸೇರಿ ಉಬ್ಬುವ ಜೇಡಿ, ಅಂದರೆ ಸ್ಮೆಕ್ಟೈಟ್, ಆಗುತ್ತದೆ. ವಿಜಯಪುರದ ಕಡೆ ಎರೆ ಬಸಾಲ್ಟ್ ಕಲ್ಲಿನಿಂದಲೇ ಬಂದದ್ದು. ಇಲ್ಲಿ ಬಸಾಲ್ಟ್ ಇಲ್ಲ, ಆದರೂ ಎರೆ ಇದೆ. ಕಪ್ಪು ಕಂಡ ಕೂಡಲೇ ಒಂದೇ ಹೆಸರು ಬರೆಯಬೇಡ ಎಂದರು. ಆ ಮಾತು ಮರುದಿನವೇ ಕೆಲಸಕ್ಕೆ ಬಂತು.

ಮರುದಿನ ಹಳ್ಳದ ಕಡೆಯ ತುಂಡು. ಮೇಲಿನಿಂದ ನೋಡಿದರೆ ಅದೇ ಎರೆ, ಇನ್ನೂ ಸಮತಟ್ಟು. ಆದರೆ ಜೋಳ ಅಲ್ಲಲ್ಲಿ ಬೋಳು, ಇದ್ದದ್ದೂ ಮೊಣಕಾಲೆತ್ತರ. ಏನಾಯ್ತು ಎಂದು ಕೇಳಿದರೆ ಅಣ್ಣ, "ಹಂದಿ ಬಿದ್ದಿದ್ವು ಸಾಹೇಬ್ರ," ಎಂದ. ಸಾಹೇಬರು ನೆಲ ನೋಡಿದರು. ಹಂದಿ ಕೆದರಿದ ಗುರುತಿಲ್ಲ. ನೆಲದ ಮೇಲೆ ತೆಳ್ಳಗಿನ ಹಕ್ಕಳೆ, ಹೆಬ್ಬೆರಳಿನಿಂದ ಒತ್ತಿದರೆ ಬಿಲ್ಲೆಯಾಗಿ ಏಳುತ್ತಿತ್ತು. ಅಗೆದರೆ ಎರಡಡಿ ಕೆಳಗೆ ಗುದ್ದಲಿ ಠಣ್ ಎಂದಿತು. ನಿಂತ ಕಂಬಗಳಂತೆ ಅಲ್ಲಿ ಮಣ್ಣು ಉದ್ದುದ್ದ ಒಡೆದು ಗಟ್ಟಿಯಾಗಿತ್ತು, ಬೇರು ಅದರ ಸಂದಿಯಲ್ಲಷ್ಟೇ ಇಳಿದಿತ್ತು. ಫೀನಾಲ್ಫ್ತಲೀನ್ ಹನಿ ಬಿದ್ದ ಕಡೆ ಗುಲಾಬಿ ಬಣ್ಣ ಬಂತು. ಸಾಹೇಬರು ಡೈರಿಯಲ್ಲಿ ಬರೆದುಕೊಂಡರು, ಬಾಯಿ ಬಿಡಲಿಲ್ಲ.

ಆ ಸಂಜೆ ಸೀತನಿಗೆ ಕರೆ ಬಂತು. ಪಾಲಿನ ಮಾತೂ ಅಲ್ಲೇ, ಹೊಲದಲ್ಲೇ, ಹಿರಿಯರೆಲ್ಲ ಇರುತ್ತಾರೆ, ನೀವೂ ಬರ್ರಿ ಎಂದು ತಮ್ಮನೇ ಬಂದು ಕರೆದ. ಎಳ್ಳಮಾವಾಸ್ಯೆಯ ಚರಗ ಮುಗಿದು ಕೆಲ ದಿನ ಆಗಿತ್ತು, ಚಳಿ ಚೆನ್ನಾಗಿತ್ತು. ಸಣ್ಣ ಕುಣಿ ತೋಡಿ ಕುಳ್ಳಿನ ಕೆಂಡ ಮಾಡಿ ಎಳೆ ತೆನೆ ಸುಡುತ್ತಿದ್ದರು. ಬಿಸಿ ಬಿಸಿ ಕಾಳು, ಶೇಂಗಾ ಹಿಂಡಿ, ಬೆಲ್ಲ, ಮೊಸರು. ತಿನ್ನುತ್ತ ತಿನ್ನುತ್ತ ಗೌಡರು ಮಾತು ತೆಗೆದರು. ಇದು ಹನ್ನೆರಡಾಣೆ ಹೊಲ ಅಂತ ಹಿಂದಿನ ಮೋಜಣಿಯಾಗೇ ಬರದಾರ, ಅದರಾಗೂ ಕೆಳಗಿನ ಎರಿ ಹದಿನಾರಾಣೆ, ತಮ್ಮನಿಗೆ ಅನ್ಯಾಯ ಏನೂ ಇಲ್ಲ ಎಂದರು.

ಆಣೆಯ ಮಾತು ಬಂದಾಗ ಸಾಹೇಬರಿಗೆ ಸುಮ್ಮನಿರಲು ಆಗಲಿಲ್ಲ. ಅದು ಅವರ ಪ್ರೀತಿಯ ವಿಷಯ. ಧಾರವಾಡ ಮುಂಬಯಿ ಇಲಾಖೆಯಲ್ಲಿದ್ದಾಗ ವಿಂಗೇಟ್ ಎಂಬ ಅಧಿಕಾರಿ ಈ ಸೀಮೆಯ ಮೋಜಣಿ ನಡೆಸಿದವರಲ್ಲಿ ಮುಖ್ಯ. ಗೋಲ್ಡ್‌ಸ್ಮಿಡ್, ಡೇವಿಡ್‌ಸನ್ ಜೊತೆ ಸೇರಿ ಅವನು 1847ರಲ್ಲಿ ಬರೆದ ವರದಿಯ ಮೇಲೆ ಮುಂಬಯಿ ಇಲಾಖೆಯ ಕಂದಾಯವೆಲ್ಲ ನಿಂತಿತು. ಮಣ್ಣನ್ನು ಅವರು ಒಂಬತ್ತು ತರಗತಿ ಮಾಡಿದ್ದರು. ಒಂದೂ ಮುಕ್ಕಾಲು ಮೊಳ ಆಳದ ನಯವಾದ ಕರಿಮಣ್ಣಿಗೆ ಹದಿನಾರಾಣೆ. ಆಳ ಕಾಲು ಕಾಲು ಮೊಳ ಕಡಿಮೆಯಾದಂತೆ ಹದಿನಾಲ್ಕು, ಹನ್ನೆರಡು, ಹತ್ತು, ಹೀಗೆ ಇಳಿಯುತ್ತ ಕೊನೆಯ ತರಗತಿಗೆ ಎರಡೇ ಆಣೆ. ಅಷ್ಟಕ್ಕೇ ಬಿಡುತ್ತಿರಲಿಲ್ಲ. ಸುಣ್ಣದ ಹರಳು ಬೆರೆತಿದ್ದರೆ, ಮರಳು ಹೆಚ್ಚಿದ್ದರೆ, ಇಳಿಜಾರಿದ್ದರೆ, ನೀರು ಹೀರದಿದ್ದರೆ, ಒಂದೊಂದು ದೋಷಕ್ಕೆ ಒಂದೊಂದು ತರಗತಿ ಇಳಿಸುತ್ತಿದ್ದರು. ನಮ್ಮ ಪುಸ್ತಕದಲ್ಲಿ ಆಳ, ಜೇಡಿ, ಇಳಿಜಾರು, ಕೊಚ್ಚಣೆ ಎಂದು ಅಕ್ಷರ, ಅಂಕಿ ಬರೆಯುತ್ತೇವಲ್ಲ, ಅದಕ್ಕೆ ಅಜ್ಜ ಇದೇ ಅಂತ ನನಗೆ ಈಗಲೂ ಅನಿಸುತ್ತದೆ.

"ಆದರ ಗೌಡ್ರ," ಎಂದರು ಸಾಹೇಬರು, "ಅವರು ಹೊಲಾನ ತುಂಡು ತುಂಡು ಮಾಡಿ, ತುಂಡಿಗೊಂದು ಆಣೆ ಹಾಕಿ, ಆಮೇಲೆ ಸರಾಸರಿ ತೆಗೀತಿದ್ರು. ಹನ್ನೆರಡಾಣೆ ಅನ್ನೋದು ಇಡೀ ನಂಬರಿಂದು. ಯಾವ ತುಂಡು ಹದಿನಾರು, ಯಾವುದು ಎಂಟು ಅಂತ ಅದು ಹೇಳೋದಿಲ್ಲ."

"ಹಂಗಾರ ನೀವ ಹೇಳ್ರಿ," ಎಂದ ತಮ್ಮ.

ಅಲ್ಲಿಗೆ ಬೆಂಕಿಯ ಸುತ್ತ ಮಾತು ನಿಂತಿತು. ಸರ್ಕಾರದ ಕೆಲಸಕ್ಕೆ ಬಂದವರು ಮನೆ ಮುರಿಯುವ ಮಾತಿಗೆ ಕೈ ಹಾಕಬಾರದು, ಇದು ಅಲಿಖಿತ ಕಾಯ್ದೆ. "ನಾವು ಪಾಲು ಮಾಡಾಕ ಬಂದವರಲ್ಲ," ಎಂದು ಸಾಹೇಬರು ಕೈ ತೊಳೆದುಕೊಂಡು, ಡ್ರೈವರಿಗೆ ಹೇಳಿ ಜೀಪಿನ ಬ್ಯಾಟರಿಗೆ ಹಾಕುವ ನೀರಿನ ಬಾಟಲಿ ತರಿಸಿದರು. ಬಾವಿ ನೀರು ಬೇಡ, ಅದರಲ್ಲಿ ಉಪ್ಪು, ಸುಣ್ಣ ಇರುತ್ತದೆ ಎಂದರು. ಮೂರು ಚಹಾ ಗ್ಲಾಸು ಸಾಲಾಗಿಟ್ಟು ಆ ನೀರು ತುಂಬಿ, ಮೂರು ಗುಂಡಿಯಿಂದ ತಂದಿದ್ದ ಒಣ ಹೆಂಟೆಯ ಚೂರುಗಳನ್ನು ಒಂದೊಂದು ಗ್ಲಾಸಿಗೆ ಮೆತ್ತಗೆ ಬಿಟ್ಟರು. ಮಸಾರಿಯ ಚೂರು ಪುಡಿಯಾಗಿ ತಳಕ್ಕೆ ಕೂತಿತು, ನೀರು ತಿಳಿ. ನಡುವಿನ ಎರೆ ಅರಳಿ ಹರಡಿತು, ನೀರು ಆಗಲೂ ತಿಳಿಯೇ. ಹಳ್ಳದ ಕಡೆಯ ಚೂರಿನ ಸುತ್ತ ಮೊದಲು ಮೋಡ ಎದ್ದಿತು. ನಾವು ಇನ್ನೊಂದು ತೆನೆ ಮುಗಿಸುವಷ್ಟರಲ್ಲಿ ಗ್ಲಾಸು ತಳ ಕಾಣದಷ್ಟು ಕದಡಿತ್ತು.

ಸಾಹೇಬರು ಗ್ಲಾಸಿನ ಬಗ್ಗೆ ಏನೂ ಹೇಳಲಿಲ್ಲ. ಬೆಂಕಿಯಿಂದ ಸ್ವಲ್ಪ ದೂರ, ಸೆರಗು ಹೊದ್ದು ಕೂತಿದ್ದ ಅಣ್ಣತಮ್ಮಂದಿರ ಅವ್ವನ ಕಡೆ ತಿರುಗಿ, "ಅವ್ವಾ, ನಿಮ್ಮ ಮಾಳಿಗಿಗೆ ಮಣ್ಣು ಎಲ್ಲಿಂದ ತರ್ತೀರಿ?" ಎಂದರು.

ಇಂಥ ಹೊತ್ತಿನಲ್ಲಿ ಇದೆಂಥ ಪ್ರಶ್ನೆ ಎಂದು ಎಲ್ಲರೂ ನೋಡಿದರು. ಮುದುಕಿ ಮಾತ್ರ ತಡವರಿಸಲಿಲ್ಲ. "ಈ ಹೊಲದ ಕೆಳಗಿನ ಮೂಲಿಯಿಂದಪ್ಪಾ. ನಾ ಮದುವಿಯಾಗಿ ಬಂದಾಗಿಂದ ಅಲ್ಲಿಂದನ. ಅದು ಸವಳ ಮಣ್ಣು, ಮಳಿ ಬಿದ್ರ ಒಂದು ಹನಿ ಕೆಳಗ ಬಿಡಂಗಿಲ್ಲ. ಊರೆಲ್ಲ ಅಲ್ಲಿಂದನ ಒಯ್ತೈತಿ. ಮೊದಲ ಬುಟ್ಟಿಯಷ್ಟಿತ್ತು, ಈಗ ಬೆಳದೈತಿ."

ನಿಮಗೆ ಗೊತ್ತಿರಲಿಕ್ಕಿಲ್ಲ, ಈಗಿನ ಮನೆಗಳಿಗೆ ಸ್ಲ್ಯಾಬು. ಆಗ ಬಯಲುಸೀಮೆಯಲ್ಲಿ ಮಣ್ಣಿನ ಮಾಳಿಗೆ. ತೊಲೆ, ಜಂತಿಯ ಮೇಲೆ ಮಣ್ಣು ಹಾಸಿ, ಮೇಲೆ ಸವಳು ಮಣ್ಣು ಹರಡಿ ಮಟ್ಟ ಮಾಡುತ್ತಿದ್ದರು. ಸೋಡಿಯಂ ಹಿಡಿದ ಜೇಡಿ ಮಳೆ ನೀರಿಗೆ ಸಣ್ಣ ಸಣ್ಣ ಕಣವಾಗಿ ಬಿಡಿಸಿಕೊಂಡು ಸಂದಿ ಸಂದಿ ತುಂಬಿ ತೂತು ಮುಚ್ಚಿಬಿಡುತ್ತದೆ. ಮಾಳಿಗೆಗೆ ಅದೇ ಗುಣ ಬೇಕು. ಹೊಲಕ್ಕೆ ಅದೇ ಗುಣ ಶಾಪ. ಮಳೆ ಮೇಲೇ ನಿಲ್ಲುತ್ತದೆ, ಗಾಳಿ ಒಳಗೆ ಹೋಗುವುದಿಲ್ಲ, ಬೇರಿಗೆ ಉಸಿರು ಕಟ್ಟುತ್ತದೆ. ಹಳ್ಳದ ದಂಡೆಯಲ್ಲಿ ಕ್ಯಾಲ್ಸಿಯಂ ಸುಣ್ಣದ ಹರಳಾಗಿ ಕೂತುಬಿಟ್ಟಾಗ ಜೇಡಿಯ ಮೈಮೇಲೆ ಸೋಡಿಯಂ ಹತ್ತಿಕೊಳ್ಳುತ್ತದೆ, ವರ್ಷ ವರ್ಷ ಸ್ವಲ್ಪ ಸ್ವಲ್ಪ.

ಊರಿಗೆಲ್ಲ ಗೊತ್ತಿತ್ತು ಅಂದ ಹಾಗಾಯಿತು. ಬುಟ್ಟಿ ತಲೆಮೇಲಿಟ್ಟು ಒಯ್ದವರೆಲ್ಲ ಹೆಂಗಸರು, ಪಂಚಾಯ್ತಿಗೆ ಕೂತವರೆಲ್ಲ ಗಂಡಸರು. ಆದರೆ ಗಂಡಸರಿಗೂ ಗೊತ್ತಿಲ್ಲದೆ ಇರಲಿಲ್ಲ. ಇನ್ನೊಬ್ಬರ ಮನೆ ಪಾಲಿನಲ್ಲಿ ಬಾಯಿ ಹಾಕಿ ಯಾರು ಕೆಟ್ಟವರಾಗುತ್ತಾರೆ? ಗೌಡರು ಕೆಮ್ಮಿದರು. ತಮ್ಮ ಅಣ್ಣನನ್ನು ನೋಡಿದ. ಅಣ್ಣ ಬೆಂಕಿ ನೋಡುತ್ತಿದ್ದ.

"ಎಷ್ಟ ಎಕರೆ ಸವಳು?" ಎಂದು ತಮ್ಮ ಕೇಳಿದ.

ಅದು ಅಳತೆಯ ಪ್ರಶ್ನೆ, ಅದಕ್ಕೆ ಉತ್ತರ ಹೇಳಬಹುದಿತ್ತು. ಸುಮಾರು ನಾಲ್ಕು ಎಂದರು ಸಾಹೇಬರು. ಗೆರೆ ಕತ್ತರಿಸಿದ ಹಾಗಿರುವುದಿಲ್ಲ, ಹತ್ತು ಹದಿನೈದು ಹೆಜ್ಜೆ ಅಗಲ ಅದೂ ಅಲ್ಲ ಇದೂ ಅಲ್ಲ ಎಂಬ ನೆಲ ಇರುತ್ತದೆ, ನಾಳೆ ಬೆಳಿಗ್ಗೆ ತೋರಿಸುತ್ತೇನೆ ಎಂದರು. ಒಳ್ಳೆಯ ಎರೆ ಹತ್ತೆಕರೆ. ಅದರಲ್ಲಿ ಆರು ತಮ್ಮನ ಪಾಲಿಗೆ ಬರುವ ತುಂಡಿನಲ್ಲಿ, ನಾಲ್ಕು ಅಣ್ಣ ಮಸಾರಿ ಎಂದು ಹೇಳಿ ಇಟ್ಟುಕೊಂಡ ತುಂಡಿನಲ್ಲಿ.

ಅಣ್ಣ ಕೆಟ್ಟವನು ಅಂತ ನಾನು ಹೇಳುವುದಿಲ್ಲ. ತಮ್ಮ ತಿಂಗಳ ಸಂಬಳ ಎಣಿಸುತ್ತಿದ್ದಾಗ ಆ ಇಪ್ಪತ್ತನಾಲ್ಕು ಎಕರೆಯ ಕರಿಕೆ ಕಿತ್ತವನು ಅವನು, ಒಡ್ಡು ಹಾಕಿದವನು ಅವನು. ಲೆಕ್ಕ ಹಾಕಿದರೆ ಅವನು ಕೇಳಿದ್ದು ಹೆಚ್ಚೇನೂ ಅಲ್ಲ. ಬಾಯಿಬಿಟ್ಟು ಕೇಳಿದ್ದರೆ ಸಿಗುತ್ತಿತ್ತೋ ಏನೋ. ಅದನ್ನು ದಾನದ ಹಾಗೆ ತೋರಿಸಲು ಹೋದದ್ದು ನನಗೆ ಸೇರಲಿಲ್ಲ.

ಮರುದಿನ ಬೆಳಿಗ್ಗೆ ಸಾಹೇಬರು ಆಗರ್ ಹಿಡಿದು ಮುಂದೆ, ನಾನು ಗೂಟದ ಕಟ್ಟು ಹೊತ್ತು ಹಿಂದೆ, ನಮ್ಮ ಹಿಂದೆ ಅರ್ಧ ಊರು. ಹೆಜ್ಜೆಗೊಮ್ಮೆ ಮಣ್ಣು ಎತ್ತಿ ಗ್ಲಾಸಿಗೆ ಬಿಟ್ಟು, ಕದಡಿದರೆ ಈಚೆ, ಕದಡದಿದ್ದರೆ ಆಚೆ ಎಂದು ಗೂಟ ಹೊಡೆದೆವು. ತಮಾಷೆ ಎಂದರೆ, ಗೂಟದ ಗೆರೆ ಸರಿಯಿದೆಯೋ ಇಲ್ಲವೋ ಎಂದು ಊರಿನ ಹೆಂಗಸರು ತಿದ್ದುತ್ತ ಬಂದರು. ಇಲ್ಲಿಂದ ಒಯ್ದ ಮಣ್ಣು ಹಾಕಿದ್ರ ನಮ್ಮ ಮಾಳಿಗಿ ಸೋರಿತು, ಅದು ಸವಳಲ್ಲ, ಗೂಟ ಇನ್ನೊಂಚೂರು ಕೆಳಗ ಸರಿಸ್ರಿ ಎಂದು ಒಬ್ಬಳು ಹೇಳಿದಳು. ಅಲ್ಲಿ ಆಗರ್ ಹಾಕಿದರೆ ಅವಳ ಮಾತೇ ನಿಜ. ಫೋಟೋದ ಮೇಲೆ ನಾವು ಎಳೆದಿದ್ದ ಪೆನ್ಸಿಲ್ ಗೆರೆಯನ್ನು ಆ ರಾತ್ರಿ ಕಂದೀಲಿನ ಬೆಳಕಿನಲ್ಲಿ ಅಳಿಸಿ, ಗೂಟದ ಗೆರೆಗೆ ಮಸಿ ಹಾಕಿದೆವು.

ಪಾಲು ಹಿರಿಯರೇ ಮಾಡಿದರು. ಹೊಲವನ್ನು ಅಡ್ಡ ಕೊಯ್ಯದೆ ಗುಡ್ಡದಿಂದ ಕೆಳಕ್ಕೆ ಉದ್ದುದ್ದ ಸೀಳಿದರು, ಇಬ್ಬರಿಗೂ ಮಸಾರಿಯೂ ಬಂತು ಎರೆಯೂ ಬಂತು. ಅಣ್ಣನ ದುಡಿಮೆಗೆಂದು ಎರೆಯಲ್ಲಿ ಒಂದೆಕರೆ ಅವನ ಕಡೆಗೆ ಹೆಚ್ಚು ಬಿಟ್ಟರು. ತಮ್ಮ ಅದಕ್ಕೆ ತಕರಾರು ಮಾಡಲಿಲ್ಲ, ಬಹುಶಃ ಅವ್ವ ಕೂತಿದ್ದಳು ಎಂದು. ಸವಳು ಮೂಲೆ ನಾಲ್ಕೆಕರೆ ಒಡೆಯಲಿಲ್ಲ. ಅದು ಇಬ್ಬರಿಗೂ ಜಂಟಿ, ಊರಿಗೆ ಮಾಳಿಗೆ ಮಣ್ಣಿಗೆ. ಜಿಪ್ಸಮ್ ಹಾಕಿ, ನೀರು ಬಸಿಯಲು ಕಾಲುವೆ ತೋಡಿದರೆ ಕೆಲ ವರ್ಷಕ್ಕೆ ಹೊಲ ತಿರುಗುತ್ತದೆ ಎಂದು ಸಾಹೇಬರು ಹೇಳಿದರು. ಎಲ್ಲರೂ ತಲೆ ಆಡಿಸಿದರು. ಖರ್ಚು ಯಾರದು ಎಂದು ಅವ್ವ ಕೇಳಿದಾಗ ತಲೆ ಆಡಿಸುವುದು ನಿಂತಿತು.

ಅಲ್ಲಿಂದ ಮುಂದೆ ಯಾವ ಊರಿಗೆ ಹೋದರೂ ಸಾಹೇಬರು ಫೋಟೋ ಬಿಚ್ಚುವ ಮೊದಲು ಮನೆ ಮನೆಯ ಮುಂದೆ ನಿಂತು ಮಾಳಿಗೆ ಮಣ್ಣಿನ ಗುಂಡಿ ವಿಚಾರಿಸುತ್ತಿದ್ದರು. ಕಾರಹುಣ್ಣಿಮೆ ಮುಗಿದ ಮೇಲಿನ ಅಮಾವಾಸ್ಯೆಗೆ ಎತ್ತು ಮಾಡುವ ಮಣ್ಣು ಎಲ್ಲಿಯದು, ಕುಂಬಾರ ಎಲ್ಲಿಂದ ತರುತ್ತಾನೆ, ಅಗಸರು ಬಟ್ಟೆಗೆ ಸವಳು ಎಲ್ಲಿ ಕೆರೆಯುತ್ತಾರೆ ಎಂದೂ ಕೇಳುತ್ತಿದ್ದರು. ಉತ್ತರ ಸಿಕ್ಕ ಜಾಗಗಳಿಗೆ ಫೋಟೋದ ಮೇಲೆ ಚುಕ್ಕೆ ಇಟ್ಟುಕೊಂಡು, ಆಮೇಲೆ ಗೆರೆ. ನರಗುಂದದ ಹತ್ತಿರ ಒಂದೂರಲ್ಲಿ ಮಾತ್ರ ಒಬ್ಬ ಯಜಮಾನ, ಮಾಳಿಗೆ ಮಣ್ಣು ಯಾಕೆ, ನಾನು ಮನೆಗೆ ತಗಡು ಹಾಕಿಸಿದ್ದೇನೆ, ನಿಮಗ ಸೋರತೈತೇನು ಎಂದು ಕೇಳಿದ.

"ಶಾಲಿ ಸೋರತೈತ್ರಿ," ಎಂದರು ಸಾಹೇಬರು.

ಮರುದಿನ ಒಂದು ಚಕ್ಕಡಿ ತುಂಬ ಸವಳು ಮಣ್ಣು ನಮ್ಮ ಬಿಡಾರದ ಮುಂದೆ ಬಂದು ಬಿತ್ತು. ಯಾವ ಹಳ್ಳದ ದಂಡೆಯದು ಎಂದು ಚಕ್ಕಡಿಯವನನ್ನು ಕೇಳಿ ಸಾಹೇಬರು ಮೊದಲು ಚುಕ್ಕೆ ಇಟ್ಟರು. ಆಮೇಲೆ ನಾನು, ಡ್ರೈವರು ಶಾಲೆಯ ಮಾಳಿಗೆ ಹತ್ತಿದೆವು.